ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕು: ಹಿಮಾಲಯನ್, ಡೊಮಿನಾರ್, 390 ಅಡ್ವೆಂಚರ್ - ಯಾವುದು, ಯಾವ ವರ್ಷದ್ದು, ಎಷ್ಟಕ್ಕೆ?

ಮಾರಾಟಕ್ಕಿರುವ ಬೈಕಿನ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಮೂರು ಮಾತಿರುತ್ತವೆ: "2019 ಮಾಡೆಲ್, ಸಿಂಗಲ್ ಓನರ್, ಶೋರೂಮ್ ಕಂಡೀಷನ್." ಮೊದಲೆರಡನ್ನು ಆರ್‌ಸಿ ನೋಡಿ ಐದು ನಿಮಿಷದಲ್ಲಿ ಖಾತ್ರಿ ಮಾಡಿಕೊಳ್ಳಬಹುದು. ಮೂರನೆಯದು ಬರೀ ಬಣ್ಣದ ಮಾತು. ದೂರದೂರು ಸುತ್ತಿದ ಬೈಕು ಶೋರೂಮ್ ಸ್ಥಿತಿಯಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. 40,000 ಕಿ.ಮೀ. ಓಡಿ ಸಮಯಕ್ಕೆ ಸರಿಯಾಗಿ ಆಯಿಲ್, ಚೈನ್, ಟೈರ್ ಕಂಡ ಬೈಕು, 9,000 ಕಿ.ಮೀ. ಓಡಿ ಮೂರು ವರ್ಷ ಕವರ್ ಹೊದ್ದು ನಿಂತ ಬೈಕಿಗಿಂತ ಮೇಲು.

ಎರಡರಿಂದ ಮೂರು ಲಕ್ಷದೊಳಗೆ ಟೂರಿಂಗ್‌ಗೆ ಹಳೆಯ ಬೈಕು ಹುಡುಕುವವರ ಮುಂದೆ ಹೆಚ್ಚಾಗಿ ಬರುವುದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಬಜಾಜ್ ಡೊಮಿನಾರ್ 400, ಕೆಟಿಎಂ 390 ಅಡ್ವೆಂಚರ್. ಪಕ್ಕದಲ್ಲೇ ಮೀಟಿಯಾರ್ 350, ಥಂಡರ್‌ಬರ್ಡ್, ಇಂಟರ್‌ಸೆಪ್ಟರ್ 650 ಕೂಡ ಇಣುಕುತ್ತವೆ. ಯಾವ ಕಂಪನಿ ಎಂದು ತಿಂಗಳುಗಟ್ಟಲೆ ಚರ್ಚೆ ಮಾಡಿ, ಯಾವ ಆವೃತ್ತಿ ಎಂಬುದನ್ನು ಹತ್ತು ನಿಮಿಷದಲ್ಲಿ ಮುಗಿಸುವವರೇ ಜಾಸ್ತಿ. ನಷ್ಟ ಆಗುವುದು ಅಲ್ಲಿ.

ನಾಲ್ಕು ಏಪ್ರಿಲ್‌ಗಳು

ಭಾರತದಲ್ಲಿ ಬೈಕಿನ ವಯಸ್ಸನ್ನು ನಾಲ್ಕು ಏಪ್ರಿಲ್‌ಗಳ ಲೆಕ್ಕದಲ್ಲಿ ನೋಡುವುದು ಸುಲಭ. 2017ರ ಏಪ್ರಿಲ್‌ನಿಂದ ಬಿಎಸ್4 (ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಇಟ್ಟ ಮಿತಿ, ಅಂಕಿ ಹೆಚ್ಚಿದಷ್ಟೂ ಬಿಗಿ). 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. 2020ರ ಏಪ್ರಿಲ್‌ನಿಂದ ಬಿಎಸ್6. 2023ರ ಏಪ್ರಿಲ್‌ನಿಂದ ಬಿಎಸ್6ರ ಎರಡನೇ ಹಂತ, ಜೊತೆಗೆ ಶೇ 20 ಎಥೆನಾಲ್ ಪೆಟ್ರೋಲಿಗೆ ಹೊಂದುವ ಬಿಡಿಭಾಗಗಳು. ಒಂದೇ ಹೆಸರಿನ ಎರಡು ಬೈಕುಗಳು ಈ ಗೆರೆಗಳ ಆಚೆ ಈಚೆ ಇದ್ದರೆ ಅವನ್ನು ಬೇರೆ ಬೇರೆ ಬೈಕುಗಳೆಂದೇ ಎಣಿಸಿ ಬೆಲೆ ಹಾಕಬೇಕು.

"2019 ಮಾಡೆಲ್" ಎಂಬ ಮಾತಿನ ಒಳಗುಟ್ಟು ಇಲ್ಲಿದೆ. 2018ರ ನವೆಂಬರ್‌ನಲ್ಲಿ ತಯಾರಾಗಿ ಡೀಲರ್ ಬಳಿ ಮಲಗಿ 2019ರ ಫೆಬ್ರವರಿಯಲ್ಲಿ ನೋಂದಣಿಯಾದ ಬೈಕನ್ನೂ 2019ರದ್ದು ಎಂದೇ ಮಾರುತ್ತಾರೆ. ಆರ್‌ಸಿಯಲ್ಲಿ ನೋಂದಣಿ ದಿನಾಂಕ ಬೇರೆ, ತಯಾರಿಕೆಯ ತಿಂಗಳು ಬೇರೆ ಇರುತ್ತವೆ, ನೋಡಬೇಕಾದ್ದು ಎರಡನೆಯದನ್ನು. ತಾಳೆ ನೋಡಲು ಚಾಸಿಸ್ ನಂಬರ್ ಇದೆ. ಒಟ್ಟು 17 ಅಕ್ಷರ-ಅಂಕಿ. ರಾಯಲ್ ಎನ್‌ಫೀಲ್ಡ್‌ನದು ಎಂಇ3 ಎಂದು, ಬಜಾಜ್‌ನದು ಎಂಡಿ2 ಎಂದು ಶುರುವಾಗುತ್ತದೆ. ಹತ್ತನೆಯ ಅಕ್ಷರ ಸಾಮಾನ್ಯವಾಗಿ ವರ್ಷದ ಗುರುತು: ಎಚ್ ಅಂದರೆ 2017, ಜೆ 2018, ಕೆ 2019, ಎಲ್ 2020, ಎಂ 2021, ಎನ್ 2022, ಪಿ 2023. ಐ ಮತ್ತು ಒ ಅಕ್ಷರಗಳನ್ನು ಒಂದು, ಸೊನ್ನೆ ಎಂದು ಓದಿಬಿಡುವ ಭಯಕ್ಕೆ ಬಳಸುವುದೇ ಇಲ್ಲ. ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಚಾಸಿಸ್‌ನ ಕುತ್ತಿಗೆ ಭಾಗದ ಮೇಲೆ ಮೊಬೈಲ್ ಟಾರ್ಚ್ ಬಿಡಿ, ನಂಬರ್ ಕಾಣುತ್ತದೆ. ಗ್ರೀಸ್ ಮೆತ್ತಿದ್ದರೆ ಒರೆಸಿ ಓದಿ. ಅಂಕಿಗಳ ಸಾಲು ಸೊಟ್ಟಗಿದ್ದರೆ, ಸುತ್ತಲಿನ ಬಣ್ಣ ಬೇರೆ ಇದ್ದರೆ, ಉಜ್ಜಿದ ಗೀರು ಕಂಡರೆ ಅಲ್ಲಿಂದಲೇ ನಮಸ್ಕಾರ ಹೇಳಿ ಹೊರಡಿ. ಆ ವಿಷಯದಲ್ಲಿ ಯಾವ ರಿಯಾಯಿತಿಯೂ ಲಾಭವಲ್ಲ.

ಹಿಮಾಲಯನ್ 411: ಒಂದೇ ಮುಖ, ನಾಲ್ಕು ಬೈಕು

2016ರ ಮಾರ್ಚ್‌ನಲ್ಲಿ ಬಂದಿದ್ದು. 411 ಸಿಸಿ, ಗಾಳಿ ಮತ್ತು ಆಯಿಲ್ ಕೂಲರ್‌ನಿಂದ ತಣಿಯುವ ಒಂಟಿ ಸಿಲಿಂಡರ್, ಸುಮಾರು 24.5 ಬಿಎಚ್‌ಪಿ, 32 ಎನ್‌ಎಂ, ಐದು ಗೇರ್, 15 ಲೀಟರ್ ಟ್ಯಾಂಕ್, ಮುಂದೆ 21 ಇಂಚಿನ ಚಕ್ರ. ಹೊರಗಿಂದ ನೋಡಿದರೆ 2016ರದ್ದೂ 2022ರದ್ದೂ ಒಂದೇ. ಒಳಗೆ ಹಾಗಿಲ್ಲ.

ಮೊದಲನೆಯವು ಕಾರ್ಬ್ಯುರೇಟರ್ ಬೈಕುಗಳು. ಹ್ಯಾಂಡಲ್ ತಿರುಗುವ ಹೆಡ್ ಬೇರಿಂಗ್, ಗೇರು ಬೀಳದಿರುವುದು, ಚಾಸಿಸ್ ಬೆಸುಗೆಯ ಬಿರುಕು, ಹೀಗೆ ದೂರುಗಳ ಹೊರೆ ಹೊತ್ತವು ಇವೇ. ಕಡಿಮೆ ಬೆಲೆಗೆ ಸಿಗುತ್ತವೆ, ಆದರೆ ಟೂರಿಂಗ್‌ಗೆಂದು ಮೊದಲ ಬೈಕು ಕೊಳ್ಳುವವರು ಇವುಗಳ ತಂಟೆಗೆ ಹೋಗದಿರುವುದು ಒಳ್ಳೆಯದು. 2017ರಲ್ಲಿ ಫ್ಯುಯೆಲ್ ಇಂಜೆಕ್ಷನ್ ಬಂತು. 2018ರ ದ್ವಿತೀಯಾರ್ಧದಲ್ಲಿ ಎಬಿಎಸ್ ಸೇರಿತು. ಸ್ಲೀಟ್ ಎಂಬ ಬೂದು ಮಚ್ಚೆಯ ಬಣ್ಣ ಆ ಕಾಲದ್ದು. 2020ರ ಜನವರಿಯಲ್ಲಿ ಬಿಎಸ್6: ಹಿಂಬದಿ ಎಬಿಎಸ್ ಆಫ್ ಮಾಡುವ ಸ್ವಿಚ್, ಹಜಾರ್ಡ್ ಲೈಟ್, ಲೇಕ್ ಬ್ಲೂ, ರಾಕ್ ರೆಡ್, ಗ್ರಾವೆಲ್ ಗ್ರೇ ಬಣ್ಣಗಳು. 2021ರ ಫೆಬ್ರವರಿಯಲ್ಲಿ ಟ್ರಿಪ್ಪರ್ ಎಂಬ ಚಿಕ್ಕ ದಾರಿತೋರಕ, ಬದಲಾದ ಮುಂದಿನ-ಹಿಂದಿನ ರ‍್ಯಾಕ್, ಪೈನ್ ಗ್ರೀನ್, ಮಿರಾಜ್ ಸಿಲ್ವರ್. ಟ್ರಿಪ್ಪರ್ ಇಲ್ಲವೆಂದಾಕ್ಷಣ 2020ರದ್ದೆಂದು ತೀರ್ಮಾನಿಸಬೇಡಿ. ಚಿಪ್ ಕೊರತೆಯ ಸಮಯದಲ್ಲಿ, 2022ರಲ್ಲಿ, ಅದಿಲ್ಲದೆಯೂ ಮಾರಿದ್ದಾರೆ. 2023ರ ನವೆಂಬರ್‌ನಲ್ಲಿ 450 ಬಂದ ಮೇಲೆ 411ರ ಕತೆ ಮುಗಿಯಿತು.

ಕೊಳ್ಳುವುದಾದರೆ 2018ರ ಕೊನೆಯ ಎಬಿಎಸ್ ಬೈಕಿನಿಂದ ಮುಂದಕ್ಕೆ. ಬಜೆಟ್ ಬಿಗಿ ಇದ್ದರೆ ಬಿಎಸ್4 ಎಬಿಎಸ್, ಕೈ ಸ್ವಲ್ಪ ಸಡಿಲವಿದ್ದರೆ ಬಿಎಸ್6. 2021ರ ಜನವರಿಯಿಂದ ಏಪ್ರಿಲ್ ನಡುವೆ ತಯಾರಾದ ಬೈಕು ಸಿಕ್ಕರೆ ಒಂದು ಪ್ರಶ್ನೆ ಹೆಚ್ಚು ಕೇಳಿ. ಇಗ್ನಿಷನ್ ಕಾಯಿಲ್ ದೋಷಕ್ಕೆ ಕಂಪನಿ ಆ ವರ್ಷದ ಮೇ ತಿಂಗಳಲ್ಲಿ 2,36,966 ಬೈಕುಗಳನ್ನು ಹಿಂದಕ್ಕೆ ಕರೆದಿತ್ತು. ಮೀಟಿಯಾರ್, ಕ್ಲಾಸಿಕ್, ಬುಲೆಟ್ ಕೂಡ ಅದರಲ್ಲಿದ್ದವು. ಕಾಯಿಲ್ ಬದಲಾಗಿದೆಯೇ ಎಂಬುದು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಚಾಸಿಸ್ ನಂಬರ್ ಕೊಟ್ಟರೆ ಗೊತ್ತಾಗುತ್ತದೆ.

ಈ ಬೈಕಿನ ಗುಣ ಕೆಟ್ಟ ರಸ್ತೆಯಲ್ಲಿ ಕಾಣುತ್ತದೆ. ಚಾರ್ಮಾಡಿಯ ತಿರುವು, ಮಲೆನಾಡಿನ ಹೋಂಸ್ಟೇಗೆ ಹೋಗುವ ಕೊನೆಯ ಮೂರು ಕಿಲೋಮೀಟರಿನ ಕೆಸರು-ಜಲ್ಲಿ ದಾರಿ, ಅಲ್ಲಿ ಇದಕ್ಕೆ ಸಾಟಿ ಈ ಬೆಲೆಯಲ್ಲಿ ಇಲ್ಲ. ಹೆದ್ದಾರಿಯಲ್ಲಿ 90ರವರೆಗೆ ಸಲೀಸು, 100 ದಾಟಿದರೆ ಎಂಜಿನ್ ಗೊಣಗುತ್ತದೆ. ಬಿಎಸ್6ರ ತೂಕ 199 ಕೆ.ಜಿ., ಸೀಟಿನ ಎತ್ತರ 800 ಮಿ.ಮೀ., ಆದ್ದರಿಂದ ಐದೂವರೆ ಅಡಿಯವರಿಗೂ ಕಾಲು ನೆಲಕ್ಕೆ ತಾಗುತ್ತದೆ. ದೊಡ್ಡ ಕೊರತೆ ಟ್ಯೂಬ್ ಟೈರು. ಕತ್ತಲಲ್ಲಿ ಘಟ್ಟದ ಮಧ್ಯೆ ಪಂಕ್ಚರ್ ಆದರೆ ಚಕ್ರ ಬಿಚ್ಚದೆ ಗತ್ಯಂತರವಿಲ್ಲ.

ಡೊಮಿನಾರ್ 400: ಹೆದ್ದಾರಿಯ ಲೆಕ್ಕಾಚಾರ

2016ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ 373 ಸಿಸಿ, 35 ಪಿಎಸ್, ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್. ಎಬಿಎಸ್ ಇಲ್ಲದ ಆವೃತ್ತಿಯೂ ಇತ್ತು. ಹ್ಯಾಂಡಲ್ ಮತ್ತು ಫುಟ್‌ಪೆಗ್‌ಗೆ ಬರುವ ಅದುರು ಆ ಬೈಕುಗಳ ಮುಖ್ಯ ದೂರು. 2019ರ ಏಪ್ರಿಲ್‌ನಲ್ಲಿ ಬಂದದ್ದು ಬಹುತೇಕ ಹೊಸ ಬೈಕು: 40 ಪಿಎಸ್, ಡಬಲ್ ಕ್ಯಾಮ್, 43 ಮಿ.ಮೀ. ಯುಎಸ್‌ಡಿ (ತಲೆಕೆಳಗಾಗಿ ಕೂರಿಸಿದ) ಫೋರ್ಕ್, ಎರಡು ಬಾಯಿಯ ಸೈಲೆನ್ಸರ್. ದೂರದಿಂದ ಗುರುತಿಸಲು ಸೈಲೆನ್ಸರ್ ಸಾಕು. 2021ರ ಅಕ್ಟೋಬರ್‌ನಿಂದ ಎತ್ತರದ ವೈಸರ್, ಹ್ಯಾಂಡ್‌ಗಾರ್ಡ್, ಬ್ಯಾಶ್ ಪ್ಲೇಟ್, ಕ್ಯಾರಿಯರ್, ಬ್ಯಾಕ್‌ರೆಸ್ಟ್ ಎಲ್ಲ ಕಂಪನಿಯಿಂದಲೇ. ಟೂರಿಂಗ್‌ಗೆ 2019ರ ನಂತರದ್ದೇ ಸರಿ. ಬೆಲೆಯ ವ್ಯತ್ಯಾಸ ಎಷ್ಟೇ ಇರಲಿ, ಹಳೆಯದರ ಕಡೆ ವಾಲಬೇಡಿ.

ಇಲ್ಲೊಂದು ಮೋಸಕ್ಕೆ ಜಾಗವಿದೆ. 2020ರಲ್ಲಿ ಬಂದ ಡೊಮಿನಾರ್ 250 ನೋಡಲು ಅಣ್ಣನಂತೆಯೇ. 400ರ ಸ್ಟಿಕ್ಕರ್ ಅಂಟಿಸಿದರೆ ಹೊಸಬರಿಗೆ ತಿಳಿಯುವುದಿಲ್ಲ. ಹಿಂದಿನ ಟೈರಿನ ಪಕ್ಕ ಓದಿ: 400ಕ್ಕೆ 150/60, 250ಕ್ಕೆ 130/70. ಆರ್‌ಸಿಯಲ್ಲಿ ಸಿಸಿ 373 ಇರಬೇಕು, 248 ಅಲ್ಲ. ಕೆಟಿಎಂ 250 ಅಡ್ವೆಂಚರ್ ಮತ್ತು 390ರ ನಡುವೆಯೂ ಇದೇ ಗೊಂದಲ; ಅಲ್ಲಿಯೂ ಆರ್‌ಸಿಯ ಸಿಸಿಯೇ ಪ್ರಮಾಣ.

ಡೊಮಿನಾರ್‌ನ ಬಲ ಆರು ಗೇರ್, ಟ್ಯೂಬ್‌ಲೆಸ್ ಟೈರು, 110ರಲ್ಲೂ ಬೆವರದ ಎಂಜಿನ್, ಊರೂರಲ್ಲಿ ಬಿಡಿಭಾಗ. ಆದರೆ ಟ್ಯಾಂಕ್ 13 ಲೀಟರ್ ಮಾತ್ರ. ಲೀಟರಿಗೆ 27 ಕೊಟ್ಟರೂ 350 ಕಿ.ಮೀ. ಆಗುವಷ್ಟರಲ್ಲಿ ಬಂಕ್ ಹುಡುಕಬೇಕು. ಅದೇ ಹಿಮಾಲಯನ್ 30 ಕೊಟ್ಟರೆ 450. ಇನ್ನು ವೇಗದ ವಿಷಯ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮೈಸೂರು, ಕೊಡಗಿನ ಕಡೆಗೇ ಓಡಾಟವಿರುವವರು "ಡೊಮಿನಾರ್ 120ರಲ್ಲಿ ಹಾಯಾಗಿ ಹೋಗುತ್ತೆ" ಎಂಬ ಕಾರಣಕ್ಕೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಹುಬ್ಬಳ್ಳಿ, ಬೆಳಗಾವಿ, ಪುಣೆ ಕಡೆಗೆ ಹೋಗುವವರಿಗೆ ಮಾತು ಬೇರೆ.

390 ಅಡ್ವೆಂಚರ್

2020ರ ಜನವರಿಯಿಂದ. 373 ಸಿಸಿ, 43.5 ಪಿಎಸ್, ತಿರುವಿನಲ್ಲೂ ಕೆಲಸ ಮಾಡುವ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರಿ ತಿರುಗದಂತೆ ತಡೆಯುವುದು), ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಅನುಕೂಲ), 14.5 ಲೀಟರ್ ಟ್ಯಾಂಕ್. ಮೂರರಲ್ಲಿ ಓಡಿಸಲು ಅತಿ ಖುಷಿ ಕೊಡುವುದು ಇದೇ, ಸಂಭಾಳಿಸಲು ಅತಿ ದುಬಾರಿಯೂ ಇದೇ. ಸೀಟು 855 ಮಿ.ಮೀ. ಎತ್ತರ; ಲಗೇಜು ಕಟ್ಟಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ನಿಲ್ಲಿಸಿ ನೋಡದೆ ಮುಂಗಡ ಕೊಡಬೇಡಿ. ಮೊದಲ ಎರಡು ವರ್ಷಗಳ ಆರು ಕಡ್ಡಿಯ ಅಲಾಯ್ ಚಕ್ರ ಗುಂಡಿಗೆ ಬಿದ್ದು ಸೊಟ್ಟಗಾಗುವುದು ಸಾಮಾನ್ಯ. 2022ರಲ್ಲಿ ಐದು ಕಡ್ಡಿಯ ಗಟ್ಟಿ ಚಕ್ರ ಬಂತು, ಎಣಿಸಿದರೆ ವರ್ಷ ಗೊತ್ತಾಗುತ್ತದೆ. 2023ರ ಎಕ್ಸ್ ಆವೃತ್ತಿಯಲ್ಲಿ ಬಣ್ಣದ ಡಿಸ್‌ಪ್ಲೇ, ಕ್ವಿಕ್‌ಶಿಫ್ಟರ್, ತಿರುವಿನ ಎಬಿಎಸ್ ಇಲ್ಲ. ಅದಕ್ಕೆ ಪೂರ್ಣ 390ರ ಬೆಲೆ ಕೇಳಿದರೆ ಒಪ್ಪಬಾರದು. ವಾಲ್ವ್ ಗ್ಯಾಪ್ ಸರಿಪಡಿಸುವುದು ಹಿಮಾಲಯನ್‌ನಲ್ಲಿ ಸ್ಕ್ರೂ-ನಟ್ಟಿನ ಕೆಲಸ, ಇದರಲ್ಲಿ ಬಿಲ್ಲೆ ಬದಲಿಸುವ ಕೆಲಸ. ಮಜೂರಿ ಹೆಚ್ಚು, ಎಲ್ಲ ಮೆಕ್ಯಾನಿಕ್‌ಗಳಿಂದ ಆಗುವುದೂ ಇಲ್ಲ.

ಉಳಿದವು

ಥಂಡರ್‌ಬರ್ಡ್ 350: 20 ಲೀಟರ್ ಟ್ಯಾಂಕು ಇವತ್ತಿಗೂ ಆಸೆ ಹುಟ್ಟಿಸುತ್ತದೆ. ಸೆಲ್ಫ್ ಒತ್ತಿದಾಗ ಕರಕರ ಸದ್ದು, ಜಾರಿದಂತೆ ತಿರುಗುವಿಕೆ ಇದ್ದರೆ ಸ್ಪ್ರ್ಯಾಗ್ ಕ್ಲಚ್ (ಸೆಲ್ಫ್ ಮೋಟಾರನ್ನು ಎಂಜಿನ್‌ಗೆ ಜೋಡಿಸುವ ಭಾಗ) ಹೋಗಿದೆ ಎಂದರ್ಥ, ಎಂಜಿನ್‌ನ ಎಡಬದಿ ಬಿಚ್ಚಬೇಕು. 2020ರ ನವೆಂಬರ್‌ನ ಮೀಟಿಯಾರ್ ಅದಕ್ಕಿಂತ ಎಷ್ಟೋ ನಯ, ಟ್ಯೂಬ್‌ಲೆಸ್ ಕೂಡ. ನಿಧಾನವಾಗಿ, 80-90ರಲ್ಲಿ, ಜೋಡಿಯಾಗಿ ಹೋಗುವವರಿಗೆ ಮೇಲಿನ ಮೂರಕ್ಕಿಂತ ಇದೇ ಸರಿಹೋಗಬಹುದು. ಇಂಟರ್‌ಸೆಪ್ಟರ್ 650 (2018ರ ನವೆಂಬರ್) ಎಂಜಿನ್ ಮಟ್ಟಿಗೆ ರಾಜ. 2023ರ ಅಲಾಯ್ ಆವೃತ್ತಿಗೆ ಮೊದಲಿನವು ಟ್ಯೂಬ್ ಟೈರಿನವು, ಟ್ಯಾಂಕ್ 13.7 ಲೀಟರ್, ಹಿಂದೆ ಕೂತವರಿಗೆ ಸುಖ ಕಡಿಮೆ.

ನಂಬರ್ ಪ್ಲೇಟ್ ಹೇಳುವ ಊರು

ಕೆಎ-19, ಕೆಎ-20, ಕೆಎ-30 ಅಂದರೆ ಮಂಗಳೂರು, ಉಡುಪಿ, ಕಾರವಾರ. ಉಪ್ಪು ಗಾಳಿ. ಇಂಥ ಬೈಕಿನಲ್ಲಿ ಸೈಲೆನ್ಸರ್‌ನ ಬೆಂಡ್ ಪೈಪ್, ಸ್ಪೋಕ್ ನಿಪ್ಪಲ್, ಬ್ರೇಕ್ ಕ್ಯಾಲಿಪರ್ ಪಿನ್, ವೈರಿಂಗ್ ಸಾಕೆಟ್‌ಗಳ ಹಸಿರು ತುಕ್ಕು ಮೊದಲು ನೋಡಿ. ಕೆಎ-12, ಕೆಎ-18 ಕೊಡಗು, ಚಿಕ್ಕಮಗಳೂರು: ಘಟ್ಟದಲ್ಲಿ ಅರ್ಧ ಕ್ಲಚ್ ಹಿಡಿದು ಓಡಿದ್ದರಿಂದ ಕ್ಲಚ್ ಪ್ಲೇಟ್, ಕೆಸರಿನಿಂದ ಸ್ವಿಂಗ್ ಆರ್ಮ್ ಬುಷ್. ಕೆಎ-28, ಕೆಎ-32 ವಿಜಯಪುರ, ಕಲಬುರಗಿ: ಧೂಳು ತುಂಬಿದ ಏರ್ ಫಿಲ್ಟರ್, ಒಣಗಿ ಬಿರಿದ ರಬ್ಬರು. ನೋಂದಣಿ ಒಂದೂರಲ್ಲಿ, ಓಡಾಟ ಇನ್ನೊಂದೂರಲ್ಲಿ ಇರುವುದೂ ಉಂಟು, ಆದ್ದರಿಂದ ಇದು ಎಲ್ಲಿಂದ ನೋಡಲು ಶುರುಮಾಡಬೇಕು ಎಂಬುದಕ್ಕೆ ಸುಳಿವು ಅಷ್ಟೇ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಎಷ್ಟೋ ಬೇಸ್‌ಮೆಂಟ್‌ಗಳಲ್ಲಿ ನೀರು ನಿಂತಿತ್ತು. ಆ ಕಡೆಯ ಹಳೆ ಬೈಕಾದರೆ ಸೀಟು ಬಿಚ್ಚಿಸಿ. ಫ್ಯೂಸ್ ಡಬ್ಬಿಯ ಮೂಲೆಯಲ್ಲಿ, ವೈರಿನ ಟೇಪಿನ ಮಡಿಕೆಯಲ್ಲಿ ನಯವಾದ ಒಣ ಕೆಸರು ಸಿಕ್ಕರೆ, ಹೆಡ್‌ಲೈಟ್ ಒಳಗೆ ನೀರಿನ ಗೆರೆ ಇದ್ದರೆ ಬೈಕು ಮುಳುಗಿತ್ತು. ವೈರಿಂಗ್ ಇವತ್ತಲ್ಲ ನಾಳೆ ಕೈಕೊಡುತ್ತದೆ.

ಬಾಡಿಗೆಗೆ ಓಡಿದ ಬೈಕುಗಳದು ಬೇರೆ ಕತೆ. ಅವುಗಳಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ನಂತರ ಖಾಸಗಿಗೆ ಬದಲಾಯಿಸಿ ಬಿಳಿ ಪ್ಲೇಟ್ ಹಾಕಿ ಮಾರುತ್ತಾರೆ. ಹಿಂದಿನ ಮಾಲೀಕರ ಜಾಗದಲ್ಲಿ ವ್ಯಕ್ತಿಯ ಬದಲು ಸಂಸ್ಥೆಯ ಹೆಸರಿದ್ದರೆ ವಿಚಾರಿಸಿ. ಬೆಲೆ ಚೆನ್ನಾಗಿ ಇಳಿದರೆ ಮಾತ್ರ ಮುಂದಿನ ಮಾತು.

ಬೈಕಿನ ಮುಂದೆ ನಿಂತಾಗ

ಬೆಳಿಗ್ಗೆ ಹೋಗಿ. "ಸ್ಟಾರ್ಟ್ ಮಾಡದೆ ಇಟ್ಟಿರಿ" ಎಂದು ಮೊದಲೇ ಹೇಳಿ, ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಕೋಲ್ಡ್ ಸ್ಟಾರ್ಟ್‌ನಲ್ಲಿ ಏನೋ ಮುಚ್ಚಿಡುತ್ತಿದ್ದಾರೆ. ಸ್ಟಾರ್ಟ್ ಆದ ಹತ್ತು ಸೆಕೆಂಡಿನಲ್ಲಿ ಬರುವ ನೀಲಿ ಹೊಗೆ ವಾಲ್ವ್ ಸೀಲಿನದು, ಓಡುವಾಗ ಆಕ್ಸಿಲರೇಟರ್ ತಿರುಗಿಸಿದಾಗಲೂ ಬಂದರೆ ಪಿಸ್ಟನ್ ರಿಂಗಿನದು. ಚಳಿಯಲ್ಲಿ ಬಿಳಿ ಆವಿ ಬಂದು ನಿಂತರೆ ಚಿಂತೆ ಬೇಡ. ಡೊಮಿನಾರ್, 390ಗಳಲ್ಲಿ ಕೂಲಂಟ್ ಕಂದು ಕೆಸರಿನಂತಿದ್ದರೆ ಅಥವಾ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು-ಆಯಿಲ್ ಬೆರೆತಿವೆ. ನಿಂತಲ್ಲೇ ಓಡಲು ಬಿಟ್ಟು ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವವರೆಗೆ ಕಾಯಿರಿ. ಫ್ಯಾನ್ ಕೆಟ್ಟ ಬೈಕು ಹೆದ್ದಾರಿಯಲ್ಲಿ ಸುಮ್ಮನಿದ್ದು ಸಿಗ್ನಲ್ಲಿನಲ್ಲಿ ಕುದಿಯುತ್ತದೆ.

ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮುಂದಿನ ಚಕ್ರ ನೆಲದಿಂದ ಒಂದಿಂಚು ಮೇಲೇಳುವಂತೆ ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು, ಅಥವಾ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದೆ ಒಬ್ಬರು ಒತ್ತಿ ಹಿಡಿದು, ಹ್ಯಾಂಡಲ್ಲನ್ನು ಎರಡು ಬೆರಳಲ್ಲಿ ನಿಧಾನ ತಿರುಗಿಸಿ. ಸರಿಯಾಗಿ ನೇರಕ್ಕೆ ಬಂದಾಗ ಸಣ್ಣ ಗುಳಿಯೊಳಗೆ ಕೂತಂತೆ ಟಕ್ ಎಂದು ನಿಂತರೆ ಬೇರಿಂಗ್ ಕಚ್ಚಿಕೊಂಡಿದೆ. ಆಮೇಲೆ ಫೋರ್ಕ್‌ನ ಕೆಳತುದಿ ಹಿಡಿದು ಹಿಂದೆ-ಮುಂದೆ ಎಳೆಯಿರಿ; ಅಲುಗಾಟ ಕೈಗೆ ಸಿಕ್ಕರೆ ಸಡಿಲ. ಕೋನ್‌ಸೆಟ್ ಬದಲಿಸುವುದು ದೊಡ್ಡ ಖರ್ಚಲ್ಲ, ಆದರೆ ಕಡಿಮೆ ಕಿಲೋಮೀಟರಿಗೇ ಹೋಗಿದ್ದರೆ ಬೈಕು ಕೆಟ್ಟ ದಾರಿಯಲ್ಲಿ ಜೋರಾಗಿ ಓಡಿದೆ, ಇಲ್ಲವೇ ಮೀಟರ್ ಹಿಂದಕ್ಕೆ ಹೋಗಿದೆ.

ಅದೇ ಜಾಗದಲ್ಲಿ ಇನ್ನೊಂದು ಸಾಕ್ಷಿ ಇದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಾಗಿ ನಿಲ್ಲುವ ಲೋಹದ ಮೊಳಕೆ, ಸ್ಟೀರಿಂಗ್ ಸ್ಟಾಪರ್. ಅದು ಜಜ್ಜಿದ್ದರೆ, ಸುತ್ತ ಬೆಸುಗೆಯ ಬಣ್ಣ ಬಿರಿದಿದ್ದರೆ ಮುಂಭಾಗಕ್ಕೆ ಗಟ್ಟಿ ಹೊಡೆತ ಬಿದ್ದಿದೆ. ಕ್ರ್ಯಾಶ್ ಗಾರ್ಡ್ ಹೊಸದಾಗಿ ಹೊಳೆಯುತ್ತಿದ್ದರೆ ಸಂತೋಷಪಡಬೇಡಿ, ಹಳೆಯದು ಎಲ್ಲಿ ಹೋಯಿತು ಎಂದು ಕೇಳಿ. ಫುಟ್‌ಪೆಗ್ ತುದಿ, ಬ್ರೇಕ್ ಲಿವರಿನ ಗುಂಡು, ಹ್ಯಾಂಡಲ್ ತುದಿಯ ಉಜ್ಜಿದ ಗುರುತುಗಳನ್ನು ಯಾರೂ ಬದಲಿಸುವುದಿಲ್ಲ.

ಚೈನನ್ನು ಹಿಂದಿನ ಸ್ಪ್ರಾಕೆಟ್‌ನ ಹಿಂತುದಿಯಲ್ಲಿ ಬೆರಳಿಂದ ಹಿಂದಕ್ಕೆಳೆಯಿರಿ. ಹಲ್ಲು ಅರ್ಧ ಕಾಣುವಷ್ಟು ಎದ್ದು ಬಂದರೆ ಮುಗಿದಿದೆ. ಹಲ್ಲುಗಳು ಒಂದೇ ಕಡೆ ಬಾಗಿ ಕೊಕ್ಕೆಯಂತಾಗಿದ್ದರೂ ಅಷ್ಟೇ. ಬರೀ ಚೈನ್ ಬದಲಿಸಿ ಸ್ಪ್ರಾಕೆಟ್ ಹಳೆಯದೇ ಬಿಟ್ಟಿದ್ದರೆ ಹೊಸ ಚೈನೂ ಬೇಗ ಹೋಗುತ್ತದೆ, ಸೆಟ್ಟಾಗಿಯೇ ಹಾಕಬೇಕು.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಇದು ಮೀಟರ್‌ಗಿಂತ ನಂಬಿಗಸ್ತ. 2019ರ ಬೈಕು, ಮೀಟರ್‌ನಲ್ಲಿ 11,000, ಆದರೆ ಎರಡೂ ಟೈರು 2022ರವು ಎಂದರೆ ಪ್ರಶ್ನೆ ಏಳಲೇಬೇಕು. ಹಿಂದಿನ ಟೈರು ಅಷ್ಟಕ್ಕೇ ಸವೆಯಬಹುದು, ಮುಂದಿನದು ಸಾಮಾನ್ಯವಾಗಿ ಸವೆಯದು. ಡಿಸ್ಕ್‌ನ ಮೇಲೆ ಕನಿಷ್ಠ ದಪ್ಪದ ಅಂಕಿ ಕೊರೆದಿರುತ್ತದೆ, ಅಂಚಿನಲ್ಲಿ ಉಗುರು ತಡೆಯುವಷ್ಟು ದಿಣ್ಣೆ ಇದ್ದರೆ ಡಿಸ್ಕ್ ಬಹಳ ತಿರುಗಿದೆ. ಗೇರ್ ಲಿವರಿನ ರಬ್ಬರು, ಫುಟ್‌ಪೆಗ್ ರಬ್ಬರು, ಕೀ ತೂತಿನ ಸುತ್ತಲ ಗೀರು, ಇವೆಲ್ಲ ಮೀಟರ್ ಹೇಳುವುದಕ್ಕೆ ತಾಳೆಯಾಗಬೇಕು. ಸರ್ವಿಸ್ ಬಿಲ್‌ಗಳಲ್ಲಿ ದಿನಾಂಕದ ಜೊತೆ ಕಿಲೋಮೀಟರ್ ಇರುತ್ತದೆ, ಅದನ್ನೂ ನೋಡಿ.

ಟೂರಿಂಗ್ ಬೈಕಿಗೇ ವಿಶೇಷವಾದ ರೋಗ ಎರಡು. ಒಂದು ಹೆಚ್ಚುವರಿ ಲೈಟು. ಫಾಗ್ ಲ್ಯಾಂಪ್‌ಗೆ ರಿಲೇ, ಫ್ಯೂಸ್ ಹಾಕದೆ ಹೆಡ್‌ಲೈಟ್ ವೈರನ್ನೇ ಸುಲಿದು ಟೇಪ್ ಸುತ್ತಿದ್ದರೆ ಮಳೆಗಾಲದಲ್ಲಿ ಅಲ್ಲಿಂದಲೇ ತೊಂದರೆ. ಮಲ್ಟಿಮೀಟರ್ ಹಿಡಿದು ನೋಡಿ: ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.4 ವೋಲ್ಟ್‌ಗಿಂತ ಮೇಲೆ, 3,000-4,000 ಆರ್‌ಪಿಎಂನಲ್ಲಿ 13.8ರಿಂದ 14.5 ಇರಬೇಕು. 13ರ ಕೆಳಗೇ ನಿಂತರೆ ಚಾರ್ಜಿಂಗ್ ಇಲ್ಲ. ಎರಡನೆಯದು ಲಗೇಜು. ಟಾಪ್ ಬಾಕ್ಸ್ ತುಂಬಿ ಗುಂಡಿ ರಸ್ತೆಯಲ್ಲಿ ಓಡಿಸಿದರೆ ಕ್ಯಾರಿಯರ್ ಬೋಲ್ಟಿನ ಸುತ್ತ, ಸೀಟಿನ ಕೆಳಗಿನ ಪೈಪಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ತುಕ್ಕಿನ ಸಣ್ಣ ಗೆರೆಯೇ ಗುರುತು.

ಓಡಿಸಿ ನೋಡಲು ಕನಿಷ್ಠ ಹತ್ತು ಕಿಲೋಮೀಟರ್ ಬೇಕು. ಟಾಪ್ ಗೇರಿನಲ್ಲಿ 50ರಿಂದ ಒಮ್ಮೆಲೇ ಆಕ್ಸಿಲರೇಟರ್ ಕೊಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿವೆ. ಎಬಿಎಸ್ ದೀಪ ಕೀ ಹಾಕಿದಾಗ ಹೊತ್ತಿ, ಬೈಕು ಸ್ವಲ್ಪ ಓಡಿದ ಕೂಡಲೇ ಆರಬೇಕು. ಕೀ ಹಾಕಿದಾಗ ಹೊತ್ತಿಕೊಳ್ಳಲೇ ಇಲ್ಲವೆಂದರೆ ದೀಪವನ್ನೇ ಯಾರೋ ಕಿತ್ತಿರಬಹುದು.

ಕಾಗದ

ವಾಹನ್ ಪೋರ್ಟಲ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಮಾಲೀಕರ ಕ್ರಮಸಂಖ್ಯೆ, ಸಾಲದ ನಮೂದು, ಇನ್ಶೂರೆನ್ಸ್ ಅವಧಿ ನೋಡಿ. ಬಾಕಿ ಚಲನ್ ಬೇರೆಯಾಗಿ ನೋಡಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ "ಸಾಲ ತೀರಿಸಿ ಆಗಿದೆ" ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ, ಸಹಿಯಾದ ಫಾರಂ 35 ಕೈಗೆ ಬರಬೇಕು. ಹೆಸರು ಬದಲಾವಣೆಗೆ ಫಾರಂ 29, 30. ಹೊರರಾಜ್ಯದ ಬೈಕಾದರೆ ಫಾರಂ 28ರ ಎನ್‌ಒಸಿ, ಜೊತೆಗೆ ಇಲ್ಲಿನ ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ಹೊಸ ಬೈಕಿಗೆ ಅದು ಶೇ 18, ಮೇಲೆ ಸೆಸ್; ಹಳೆಯದಕ್ಕೆ ವಯಸ್ಸಿನ ಪ್ರಕಾರ ಕಡಿಮೆಯಾಗುತ್ತದೆ. ಪುದುಚೇರಿ ನಂಬರಿನ ಬೈಕು 20,000 ಕಡಿಮೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಆರ್‌ಟಿಒದಲ್ಲಿ ಈ ಲೆಕ್ಕ ಕೇಳಿ. ಎಷ್ಟೋ ಸಲ ಉಳಿತಾಯ ಅಲ್ಲೇ ಕರಗುತ್ತದೆ.

ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನೋ ಕ್ಲೇಮ್ ಬೋನಸ್ ಮಾರುವವರದು, ಬೈಕಿನ ಜೊತೆ ಬರುವುದಿಲ್ಲ. ವ್ಯತ್ಯಾಸದ ಹಣ ನೀವೇ ಕಟ್ಟಬೇಕು. ಥರ್ಡ್ ಪಾರ್ಟಿ ಪ್ರೀಮಿಯಂನಲ್ಲೂ ಒಂದು ಗೆರೆ ಇದೆ: 2022ರ ದರದ ಪ್ರಕಾರ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂಪಾಯಿ, ಅದಕ್ಕೆ ಮೇಲ್ಪಟ್ಟು 2,804, ತೆರಿಗೆ ಬೇರೆ. 349 ಸಿಸಿಯ ಮೀಟಿಯಾರ್ ಈ ಕಡೆ, ಹಿಮಾಲಯನ್, ಡೊಮಿನಾರ್, 390 ಎಲ್ಲ ಆ ಕಡೆ.

ಬೆಲೆ ಹಾಕುವುದು

ಕೊನೆಯ ಇನ್ಶೂರೆನ್ಸ್ ಪಾಲಿಸಿಯ ಐಡಿವಿ (ಬೈಕಿಗೆ ಇನ್ಶೂರೆನ್ಸ್ ಕಂಪನಿ ಒಪ್ಪಿದ ಬೆಲೆ) ಒಂದು ಆಧಾರ. ಅದು ಕಂಪನಿಯ ಪಟ್ಟಿ ಬೆಲೆಯಿಂದ ವಯಸ್ಸಿನ ಪ್ರಕಾರ ಕಳೆದು ಬರುವ ಮೊತ್ತ: ಒಂದರಿಂದ ಎರಡು ವರ್ಷಕ್ಕೆ ಶೇ 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಐದು ದಾಟಿದರೆ ಪರಸ್ಪರ ಒಪ್ಪಿಗೆ. ಮಾರುಕಟ್ಟೆ ಬೆಲೆ ಇದಕ್ಕಿಂತ ಮೇಲಿರುವುದುಂಟು, ವಿಶೇಷವಾಗಿ ಹಿಮಾಲಯನ್‌ನದು. ಆದರೆ ಐಡಿವಿಗಿಂತ ಬಹಳ ಮೇಲೆ ಕೇಳಿದರೆ ಕಾರಣ ಬೇಕು, ಬೈಕಿಗೆ ಹಾಕಿದ ಬಾಕ್ಸು-ಗಾರ್ಡು ಆ ಕಾರಣ ಆಗಲಾರವು. ಆಕ್ಸೆಸರಿಗೆ ಕೊಟ್ಟ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಲೆಕ್ಕ ಹಿಡಿಯಬೇಡಿ.

2025ರ ಸೆಪ್ಟೆಂಬರ್ 22ರಿಂದ ಹೊಸ ಬೈಕಿನ ಜಿಎಸ್‌ಟಿ ಬದಲಾಗಿದೆ. 350 ಸಿಸಿವರೆಗೆ ಶೇ 28 ಇದ್ದದ್ದು 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದಕ್ಕೆ 40 ಆಯಿತು. ಹಳೆಯ ಮೀಟಿಯಾರ್ ಮಾರುವವರು ಅದಕ್ಕೆ ಮುಂಚಿನ ಬೆಲೆ ಇಟ್ಟುಕೊಂಡಿದ್ದರೆ ಹೊಸದರ ಇವತ್ತಿನ ಆನ್‌ರೋಡ್ ದರ ತೋರಿಸಿ ಇಳಿಸಿ. ದೊಡ್ಡ ಸಿಸಿಯವರಿಗೆ ಇದೇ ವಾದ ತಿರುಗುಬಾಣ.

ಲೆಕ್ಕದ ದಾರಿ ಹೀಗೆ. ಅದೇ ಆವೃತ್ತಿಯ, ಅದೇ ವರ್ಷದ ಐದಾರು ಜಾಹೀರಾತು ನೋಡಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಸರಾಸರಿ ಹಿಡಿಯಿರಿ. ಅದು 1,30,000 ಬಂತೆನ್ನಿ. ನೀವು ನೋಡಿದ ಬೈಕಿಗೆ ಎರಡೂ ಟೈರು-ಟ್ಯೂಬು 8,500, ಚೈನ್ ಸೆಟ್ 4,000, ಕೋನ್‌ಸೆಟ್ ಮಜೂರಿ ಸೇರಿ 1,800, ಬ್ಯಾಟರಿ 2,000, ಆಯಿಲ್-ಫಿಲ್ಟರ್-ಬ್ರೇಕ್ ಪ್ಯಾಡ್ 3,000, ಇನ್ಶೂರೆನ್ಸ್ 3,500. ಒಟ್ಟು 22,800. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನ ಸ್ಪೇರ್ಸ್ ಅಂಗಡಿಯ ದರ ಹಾಕಿಕೊಳ್ಳಿ. ಈಗಲೇ ಬದಲಿಸಬೇಕಾದ್ದನ್ನು ಪೂರ್ತಿ ಕಳೆಯಿರಿ, ಇನ್ನೂ 5,000 ಕಿ.ಮೀ. ಓಡುವಂಥದ್ದನ್ನು ಅರ್ಧ. ಪಟ್ಟಿಯನ್ನು ಕಾಗದದಲ್ಲಿ ಬರೆದು ಮಾರುವವರ ಮುಂದಿಡಿ. "ಸ್ವಲ್ಪ ನೋಡಿ ಹೇಳಿ ಸಾರ್" ಎನ್ನುವ ಚೌಕಾಸಿಗಿಂತ "ಚೈನ್ ನೀವೇ ಎಳೆದು ನೋಡಿ" ಎನ್ನುವ ಮಾತಿಗೆ ತೂಕ ಹೆಚ್ಚು.

ಎಂಜಿನ್ ಒಳಗಿನ ಸದ್ದು, ಚಾಸಿಸ್ ಬಿರುಕು, ಮುಳುಗಿದ ವೈರಿಂಗ್, ತಾಳೆಯಾಗದ ನಂಬರ್ - ಈ ನಾಲ್ಕನ್ನು ಪಟ್ಟಿಗೆ ಸೇರಿಸಲೇಬೇಡಿ. ಇವುಗಳಿಗೆ ಇಷ್ಟು ಕಳೆಯಬೇಕೆಂಬ ಮೊತ್ತವಿಲ್ಲ, ಬೈಕೇ ಬೇಡ.

ಒಪ್ಪಿಗೆಯಾದರೆ ಹಣ ಮಾಲೀಕರ ಖಾತೆಗೇ ಹೋಗಲಿ, ಬ್ರೋಕರ್ ಖಾತೆಗಲ್ಲ. ಎರಡೂ ಕೀ, ಸರ್ವಿಸ್ ಪುಸ್ತಕ, ಟೂಲ್ ಕಿಟ್ ಕೇಳಿ ಪಡೆಯಿರಿ. ಹಸ್ತಾಂತರದ ಚೀಟಿಯಲ್ಲಿ ದಿನಾಂಕದ ಪಕ್ಕ ಗಂಟೆ-ನಿಮಿಷವನ್ನೂ ಮೀಟರ್ ರೀಡಿಂಗನ್ನೂ ಬರೆಸಿ ಇಬ್ಬರೂ ಸಹಿ ಹಾಕಿ. ಅದೇ ದಿನ ಬೆಳಿಗ್ಗೆ ಕ್ಯಾಮೆರಾಕ್ಕೆ ಸಿಕ್ಕ ಸಿಗ್ನಲ್ ಜಂಪ್ ಯಾರದೆಂಬ ಜಗಳ ಒಂದು ವಾರ ಬಿಟ್ಟು ಶುರುವಾದಾಗ ಆ ಚೀಟಿಯೇ ಉತ್ತರ.